ಖಾತ್ರಿ ಸರ್

ನಮ್ಮ ಸರ್ ತೀರಿಕೊಂಡ ಸುದ್ದಿಯನ್ನು ನಾನು ಎರಡು ಸಲ ಕೇಳಿದ್ದೇನೆ. ಮೊದಲ ಸಲದ್ದು ಸುಳ್ಳು. ಎರಡನೆಯದು ಹೋದ ತಿಂಗಳಿನದು. ಅದೂ ಸುಳ್ಳಾಗಿರಲಪ್ಪಾ ಎಂದು ಸಂಡೂರಿನಲ್ಲಿ ನಮ್ಮ ಆಫೀಸಿನ ಹೊರಗೆ ನಿಂತು ಬೇಡಿಕೊಂಡೆ, ಆಗಲಿಲ್ಲ. ಮುಖ್ಯವಾದ ಸಂಗತಿ ಮೊದಲ ಸಾಲಿನಲ್ಲೇ ಬಂದುಬಿಡಬೇಕು, ಓದುವವರನ್ನು ಕಾಯಿಸಬಾರದು ಎಂದು ಕಲಿಸಿದವರು ಅವರೇ. ಅದಕ್ಕೇ ಮೊದಲೇ ಹೇಳಿಬಿಟ್ಟೆ. ಇನ್ನು ನಿಧಾನವಾಗಿ ಅವರ ಬಗ್ಗೆ ಮಾತಾಡಬಹುದು.

ಹೊಸಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅವರು ಪತ್ರಿಕೋದ್ಯಮ ಹೇಳಿಕೊಡುತ್ತಿದ್ದರು. ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಊರೂರಿನ ವರದಿಗಳನ್ನು ತಿದ್ದಿದವರು. ಹುಟ್ಟಿದ ಊರು ದರೋಜಿ. ಮದುವೆಯಾಗಿರಲಿಲ್ಲ; ಯಾಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಕಾಲುವೆ ಪಕ್ಕದ ಓಣಿಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಅವರು ಮತ್ತು ಗಂಡನನ್ನು ಕಳೆದುಕೊಂಡು ತಮ್ಮನ ಹತ್ತಿರ ಬಂದಿದ್ದ ಅವರ ಅಕ್ಕ. ಆ ಅಕ್ಕನನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಕಾಲೇಜಿನಲ್ಲಿ ಸರ್‌ಗೆ ಕೊಟ್ಟ ಕೋಣೆ ಹಿಂದೆ ಆಟದ ಸಾಮಾನು ಇಡುವ ಜಾಗವಾಗಿತ್ತು. ಹಳೆಯ ವಾಲಿಬಾಲ್ ನೆಟ್ಟಿನ ವಾಸನೆ ಕೊನೆಯವರೆಗೂ ಅಲ್ಲಿಂದ ಹೋಗಲಿಲ್ಲ.

ನನ್ನನ್ನು ಸೇರಿಸಲು ಕಂಪ್ಲಿಯಿಂದ ಅಪ್ಪ ಬಂದಿದ್ದರು. ಅಂಗಡಿ ಇಟ್ಟುಕೊಂಡ ಮನುಷ್ಯ, ತೂಕ ನೋಡದೆ ಯಾವುದನ್ನೂ ಕೊಳ್ಳುವವರಲ್ಲ.

"ಸರ್ರ, ಇದನ್ನ ಓದಿದ್ರ ನೌಕ್ರಿ ಖಾತ್ರಿ ಐತೇನ್ರಿ?" ಎಂದು ಕೇಳಿದರು.

ಸರ್ ಕನ್ನಡಕವನ್ನು ಹಣೆಯ ಮೇಲೆ ಏರಿಸಿದರು. ಅದು ಅವರು ಮಾತಿಗೆ ಇಳಿಯುವ ಮುಂಚಿನ ಸೂಚನೆ ಎಂದು ನಮಗೆ ಆಮೇಲೆ ಗೊತ್ತಾಯಿತು.

"ಉದ್ಯೋಗ ಖಾತ್ರಿ ಬೇಕಂದ್ರ ಪಂಚಾಯ್ತಿಗೆ ಹೋಗ್ರಿ ಯಜಮಾನ್ರ, ಗುದ್ಲಿ ಬುಟ್ಟಿ ಕೊಡ್ತಾರ. ಇಲ್ಲಿ ಸುದ್ದಿ ಖಾತ್ರಿ ಮಾಡ್ಕೊಳ್ಳೋದು ಹೆಂಗ ಅಂತ ಅಷ್ಟ ಕಲಿಸ್ತೀವಿ."

ಅಪ್ಪ ಜೋರಾಗಿ ನಕ್ಕು ಸಹಿ ಹಾಕಿದರು. ಕಂಪ್ಲಿಗೆ ವಾಪಸು ಬರುವಾಗ ಬಸ್ಸಿನಲ್ಲಿ, "ಆ ಮನಿಷಾ ಆಸೆ ತೋರಿಸಿ ಸುಳ್ಳು ಹೇಳಲಿಲ್ಲ ನೋಡು, ಅದಕ್ಕ ಸೇರಿಸಿದೆ" ಎಂದರು. ನಾನು ಸರ್ ಹೇಳಿದ ಆ ಖಾತ್ರಿಯ ಮಾತನ್ನು ಕ್ಲಾಸಿನಲ್ಲಿ ಹೇಳಿದ ಮೇಲೆಯೇ ಅವರಿಗೆ ಖಾತ್ರಿ ಸರ್ ಎಂಬ ಹೆಸರು ಗಟ್ಟಿಯಾದದ್ದು. ಅವರಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಅವರ ಪಾಠವೆಲ್ಲ ಒಂದೇ ಪ್ರಶ್ನೆಯಲ್ಲಿತ್ತು: "ಯಾರು ಅಂದ್ರು?" ನಾವು ಬರೆದುಕೊಟ್ಟ ಹಾಳೆಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಯಾ.ಅಂ?" ಎಂದು ಗೀಚಿರುತ್ತಿದ್ದರು. ಎನ್ನಲಾಗಿದೆ, ತಿಳಿದುಬಂದಿದೆ, ಮೂಲಗಳು ಹೇಳಿವೆ, ಇವನ್ನೆಲ್ಲ ಕಂಡರೆ ಅವರ ಮೈ ಉರಿಯುತ್ತಿತ್ತು. ಒಮ್ಮೆ ನನ್ನ ಸಹಪಾಠಿ ಹನುಮಂತ, ಕಡ್ಡಿರಾಂಪುರದ ಹುಡುಗ, ಹೊಲಕ್ಕೆ ಹೋದ ರೈತನ ಮೇಲೆ ಕರಡಿ ಏಕಾಏಕಿ ದಾಳಿ ಮಾಡಿದೆ ಎಂದು ವರದಿ ಬರೆದಿದ್ದ. ಕರಡಿಧಾಮವಿರುವ ದರೋಜಿಯವರಿಗೆ ಕರಡಿ ಎಂದರೆ ಮನೆಯ ವಿಷಯ.

"ಏಕಾಏಕಿ ಅಂತ ಯಾರು ಅಂದ್ರಲೇ?"

"ರೈತ ಅಂದಾನ್ರಿ ಸರ್."

"ಕರಡಿನ ಕೇಳಿದೇನು?"

ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. "ನಗಬ್ಯಾಡ್ರಿ. ಅದರ ಜೋಡಿ ಮರಿ ಇದ್ವೋ ಏನೋ. ಹೊಲದಾಗ ಏನು ಬೆಳದಿತ್ತು, ಇವ ಯಾ ಹೊತ್ತಿನ್ಯಾಗ ಹೋಗಿದ್ದ, ಕಾಡು ಕಾಯೋರ ಹತ್ರ ಹೋಗಿ ಕೇಳು. ಕರಡಿಗೆ ಬಾಯಿಲ್ಲ ಅಂತ ಅದರ ಕಡಿ ಮಾತು ಬಿಟ್ಟುಬಿಡ್ತಾರೇನು?"

ಇನ್ನು ಸಾವಿನ ಸುದ್ದಿ ಬರೆಯುವ ಪಾಠ. ಅದರಷ್ಟು ನಗು ಬೇರೆ ಯಾವ ಪಾಠದಲ್ಲೂ ಇರಲಿಲ್ಲ. ಊರು ಶೋಕಸಾಗರದಲ್ಲಿ ಮುಳುಗಿದೆ ಎಂದು ಬರೆದರೆ, "ಹೊಸಪೇಟ್ಯಾಗ ಸಾಗರ ಎಲ್ಲೈತಿ? ಇರೋದು ಒಂದು ಡ್ಯಾಮು. ಅದರಾಗ ಮುಳುಗಿದ್ರ ಅದು ಬ್ಯಾರೆ ಸುದ್ದಿ" ಎನ್ನುವರು. ತುಂಬಲಾರದ ನಷ್ಟ ಎಂದು ಬರೆದರೆ, "ಹಂಗ ಭಾಷಣ ಮಾಡಿದೋರ ಮರುದಿನ ಆ ಕುರ್ಚಿಗೆ ಟವೆಲ್ ಹಾಕಿರ್ತಾರ" ಎನ್ನುವರು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದುದು 'ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ' ಎಂಬ ಸಾಲಿಗೆ. ಕನ್ನಡ ಪತ್ರಿಕೆಗಳಲ್ಲಿ ಯಾರು ಸತ್ತರೂ ಕೊನೆಗೆ ಈ ಸಾಲು ಬಂದೇ ಬರುತ್ತದೆ. "ಅಗಲೋದು ಅನ್ನೋದು ಎಷ್ಟು ಚಂದದ ಮಾತು. ಗೆಳೆಯರು ಅಗಲ್ತಾರ, ತವರುಮನಿ ಅಗಲ್ತಾರ. ಪೇಪರ್‌ನೋರು ಅದನ್ನ ಹೆಣಕ್ಕ ಕಟ್ಟಿಬಿಟ್ಟಾರ" ಎಂದು ಗೊಣಗುತ್ತಿದ್ದರು. ಈ ಮಾತು ಮುಂದೆ ಅವರ ಬುಡಕ್ಕೇ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಇಷ್ಟೆಲ್ಲ ಕಲಿತು ನಾವು ಏನಾದೆವು? ಹನುಮಂತ ಹಂಪಿಯಲ್ಲಿ ಗೈಡ್ ಆದ. ಕಂಪ್ಲಿಯ ಶರಣ ಅಪ್ಪನ ಅಕ್ಕಿ ಗಿರಣಿಗೆ ಹೋಗಿ ಕೂತ. ಒಬ್ಬಳು ಬ್ಯಾಂಕಿನ ಪರೀಕ್ಷೆ ಬರೆದು ಪಾಸಾದಳು, ಒಬ್ಬ ಮದುವೆ ವಿಡಿಯೋ ತೆಗೆಯಲು ಡ್ರೋನ್ ಕೊಂಡ. ನಮ್ಮ ನಂತರದ ವರ್ಷಗಳವರದ್ದೂ ಇದೇ ಕತೆ. ಓದಿದ್ದು ಪತ್ರಿಕೋದ್ಯಮ, ಉಂಡದ್ದು ಬೇರೆ ಬೇರೆ ತಾಟಿನಲ್ಲಿ.

ನಾನು ಮಾತ್ರ ಹಟ ಹಿಡಿದು ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿಗೆ ಸೇರಿದೆ. ಪರದೆಯ ಕೆಳಗೆ ಓಡುವ ಸಾಲುಗಳನ್ನು ಬರೆಯುವ ಕೆಲಸ. ಖಾತ್ರಿಯಿಲ್ಲದ ಸುದ್ದಿಯಾದರೆ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡು ಎಂದು ಮೇಲಿನವರು ಹೇಳಿಕೊಟ್ಟಿದ್ದರು. ಒಂದು ದಿನ ಸರ್ ಫೋನ್ ಬಂತು.

"ಏನವಾ, ಮಂತ್ರಿ ರಾಜೀನಾಮೆ ಅಂತ ಬರದು ಮುಂದ ಪ್ರಶ್ನೆ ಹಾಕೀರಲ್ಲ, ಅದನ್ನ ನೀವು ನಮಗ ಹೇಳಾಕತ್ತೀರೋ, ನಮ್ಮನ್ನ ಕೇಳಾಕತ್ತೀರೋ?"

ನಾನು ನಕ್ಕೆ. ಆದರೆ ಆಮೇಲೆ ಪ್ರತಿ ಪ್ರಶ್ನಾರ್ಥಕ ಹಾಕುವಾಗಲೂ ಕೈ ತಡೆಯುತ್ತಿತ್ತು. ಚಾನೆಲ್‌ನವರು ಜನ ಕಡಿಮೆ ಮಾಡುವಾಗ ನನ್ನನ್ನೂ ಕಳಿಸಿದರು. ನಾನು ಊರ ಕಡೆಗೆ ಬಂದು ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಪತ್ರಿಕಾ ಪ್ರಕಟಣೆ ಬರೆಯುವ ಕೆಲಸ ಹಿಡಿದೆ. ಪತ್ರಿಕೆಗೆ ಕೆಲಸ ಮಾಡಬೇಕಾದವಳು ಕಂಪನಿಯ ಪರವಾಗಿ ಪತ್ರಿಕೆಗೆ ಬರೆದು ಕಳಿಸುವವಳಾದೆ. ಸರ್‌ಗೆ ಹೇಳಲು ನಾಚಿಕೆಯಾಗಿ ಬಹಳ ದಿನ ಅವರ ಓಣಿಯ ಕಡೆ ಸುಳಿಯಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಅವರೇ ಹಿಡಿದರು.

"ಸುದ್ದಿ ಕೊಡೋ ಕಡಿ ಹೋಗೀಯಂತ. ಹೋಗು. ತಗೊಳ್ಳೋರು ಹೆಂಗೂ ಕೇಳಂಗಿಲ್ಲ, ಕೊಡೋರಾಗ ಒಬ್ಬರರ ಖಾತ್ರಿ ಮಾಡ್ಕೊಂಡು ಕೊಡೋರು ಇರಲಿ."

ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ ಅಳುವೇ ಬಂದುಬಿಟ್ಟಿತು. ಅಲ್ಲೇ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು.

ಹನುಮಂತನನ್ನಂತೂ ಅವರು ಹಂಪಿಗೇ ಹೋಗಿ ಪರೀಕ್ಷೆ ಮಾಡಿದ್ದರು. ಅವನು ಪ್ರವಾಸಿಗರ ಗುಂಪಿಗೆ, ಈ ಬೀದಿಯಲ್ಲಿ ಮುತ್ತು-ರತ್ನ ಬಳ್ಳದಿಂದ ಅಳೆದು ಮಾರುತ್ತಿದ್ದರು ಎಂದು ಕೈ ಬೀಸಿ ಹೇಳುತ್ತಿದ್ದಾಗ ಹಿಂದಿನಿಂದ, "ಯಾರು ಅಂದ್ರು?" ಎಂದು ದನಿ ಬಂತಂತೆ. ತಿರುಗಿದರೆ ತಲೆಗೆ ಟವೆಲ್ ಸುತ್ತಿಕೊಂಡು ಸರ್! ಅವತ್ತಿನಿಂದ ಹನುಮಂತ, ಹೀಗಂತ ಹೊರಗಿನಿಂದ ಬಂದವರು ಬರೆದಿಟ್ಟಿದ್ದಾರೆ, ಜನ ಹೇಳುತ್ತಾರೆ, ನಾನು ನೋಡಿಲ್ಲ ಎಂದು ಸೇರಿಸಿ ಹೇಳುತ್ತಾನೆ. "ಮೊದಲು ಹಂಗ ಅಂದ್ರ ಮಂದಿ ನಂಬಂಗಿಲ್ಲ ಅನ್ಕೊಂಡಿದ್ದೆ. ಈಗ ಭಾಳ ನಂಬ್ತಾರ" ಎನ್ನುತ್ತಾನೆ.

ಇದನ್ನೆಲ್ಲ ಸರ್ ನಗುನಗುತ್ತ ಹೇಳುತ್ತಿದ್ದರೂ ಅವರ ಒಳಗೊಂದು ಮುಳ್ಳು ಇತ್ತು. ನಿವೃತ್ತಿಗೆ ಸ್ವಲ್ಪ ಮುಂಚೆ ಕಾಲೇಜಿನ ಸಭೆಯಲ್ಲಿ, ಎಲ್ಲರೆದುರು, ನಿಮ್ಮ ವಿದ್ಯಾರ್ಥಿಗಳಲ್ಲಿ ಪತ್ರಕರ್ತರಾಗಿ ಉಳಿದವರು ಎಷ್ಟು ಎಂದು ಪ್ರಿನ್ಸಿಪಾಲರು ಕೇಳಿದರಂತೆ. ಸೇರುವವರೇ ಇಲ್ಲ, ನಿಮ್ಮ ನಂತರ ಈ ವಿಷಯವನ್ನು ನಿಲ್ಲಿಸುತ್ತೇವೆ ಎಂಬುದು ಆ ಪ್ರಶ್ನೆಯ ಅರ್ಥ. ಸರ್ ಎದ್ದು ನಿಂತು, "ಒಬ್ಬ" ಎಂದರಂತೆ. ಆ ಒಬ್ಬ ದೋಣಿಮಲೈ ಕ್ವಾರ್ಟರ್ಸಿನ ಸಿದ್ಧಾರ್ಥ, ನಮಗಿಂತ ಚಿಕ್ಕವನು, ಬೆಂಗಳೂರಿನಲ್ಲಿ ಒಂದು ಪುಟ್ಟ ವೆಬ್‌ಸೈಟಿಗೆ ವರದಿ ಬರೆಯುತ್ತಿದ್ದ.

ಆ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದರು, ಕನ್ನಡಕ ಕೈಯಲ್ಲಿತ್ತು.

"ನೀವೆಲ್ಲ ಏನರ ಆಗ್ರಿ, ಅದಕ್ಕ ನನಗ ಬ್ಯಾಸರಿಲ್ಲ. ಗಿರಣಿ ನಡಸ್ರಿ, ಗೈಡ್ ಆಗ್ರಿ. ಆದ್ರ ನಾ ಕಲಿಸಿದ್ದು ಒಂದ ಮಾತು. ಅದು ಯಾರಿಗರ ತಲಿಗೆ ಹತ್ತೈತೋ ಇಲ್ಲೋ, ಅದು ತಿಳೀವಲ್ದು ನೋಡವಾ."

ಹತ್ತದೆ ಏನು ಸರ್ ಎಂದೆ. ಅವರು ಕನ್ನಡಕ ಹಾಕಿಕೊಂಡು, "ಯಾರು ಅಂದ್ರು?" ಎಂದರು.

ನಿವೃತ್ತಿಗೆ ಸಮಾರಂಭ ಬೇಡವೇ ಬೇಡ ಎಂದಿದ್ದರು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿದು ಮನೆಗೆ ಬಂದರು. ಕಾಲೇಜಿನ ಯಾರೋ ಉತ್ಸಾಹಿಗಳು ಸ್ಥಳೀಯ ಪತ್ರಿಕೆಗೆ ಒಂದು ಟಿಪ್ಪಣಿ, ಜೊತೆಗೆ ಫೋಟೋ ಕಳಿಸಿದರು. ಅದರಲ್ಲಿ, ಸುದೀರ್ಘ ಸೇವೆಯ ನಂತರ ತಮ್ಮ ಅಪಾರ ಶಿಷ್ಯಬಳಗವನ್ನು ಅಗಲಿದ್ದಾರೆ ಎಂದು ಅಲಂಕಾರವಾಗಿ ಬರೆದಿತ್ತು. ಪುಟ ಕಟ್ಟುವವನು ಅವಸರದಲ್ಲಿ ಕೊನೆಯ ಪದ ನೋಡಿದ. ಕನ್ನಡ ಪತ್ರಿಕೆಯಲ್ಲಿ ಅಗಲಿದವರು ಎಲ್ಲಿಗೆ ಹೋಗುತ್ತಾರೆ ಎಂಬುದು ಅವನಿಗೆ ಗೊತ್ತೇ ಇತ್ತು. ಫೋಟೋ ಸಮೇತ ಸರ್ ಅವರನ್ನು ತೆಗೆದುಕೊಂಡು ಹೋಗಿ 'ನಿಧನ' ಎಂಬ ಕಾಲಮ್ಮಿಗೆ ಹಾಕಿದ.

ಬೆಳಿಗ್ಗೆ ಆ ತುಣುಕಿನ ಫೋಟೋ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಬಂತು. ನಾನು ಸಂಡೂರಿನಿಂದ ಹೊಸಪೇಟೆಯ ಬಸ್ಸು ಹತ್ತಿ ದಾರಿಯುದ್ದಕ್ಕೂ ಅತ್ತೆ. ಶರಣ ಕಂಪ್ಲಿಯಿಂದ ದೊಡ್ಡ ಸುಗಂಧರಾಜ ಹಾರ ಹಿಡಿದು ಬಂದ. ಹನುಮಂತ ಬಿಟ್ಟು ಬರಲಾಗದ ಇಬ್ಬರು ಪ್ರವಾಸಿಗರನ್ನೂ ಆಟೋದಲ್ಲಿ ಕೂರಿಸಿಕೊಂಡು ಬಂದ. ಡ್ರೋನಿನವನು, ಬ್ಯಾಂಕಿನವಳು, ನನಗೆ ಪರಿಚಯವೇ ಇಲ್ಲದ ಎಷ್ಟೋ ಜನ ಕಾಲುವೆ ಓಣಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು. ಬಾಗಿಲು ಹಾಕಿತ್ತು. ಶರಣ ಮೆಲ್ಲಗೆ ಬಡಿದ.

ಬಾಗಿಲು ತೆಗೆದವರು ಸರ್. ಲುಂಗಿ, ಬನಿಯನ್, ಬಾಯಲ್ಲಿ ಬ್ರಷ್ಷು.

ಬ್ಯಾಂಕಿನವಳು ಕಿಟಾರನೆ ಕಿರುಚಿದಳು. ಸರ್ ಹಾರ ನೋಡಿದರು, ನಮ್ಮ ಮುಖಗಳನ್ನು ನೋಡಿದರು, ನೊರೆ ಉಗುಳಿ ಬಂದು, "ಯಾರು ಸತ್ತಾರ?" ಎಂದು ಗಾಬರಿಯಿಂದ ಕೇಳಿದರು. ಹನುಮಂತ ಮೊಬೈಲನ್ನು ಅವರ ಕೈಗಿಟ್ಟ. ಅವರು ಕನ್ನಡಕ ಹುಡುಕಿ ತಂದು ಓದಿದರು.

"ಸರ್, ಪೇಪರ್‌ನ್ಯಾಗ ಬಂದಿತ್ರಿ" ಎಂದ ಶರಣ.

"ಪೇಪರ್‌ನ್ಯಾಗ ಬಂದ್ರ? ಒಬ್ಬರರ, ಒಬ್ಬರರ ಈ ನಂಬರಿಗೆ ಫೋನ್ ಹಚ್ಚಿ ಖಾತ್ರಿ ಮಾಡ್ಕೊಂಡ್ರೇನ್ಲೇ?"

ಅಷ್ಟು ಜನರಲ್ಲಿ ಒಬ್ಬರೂ ಮಾಡಿರಲಿಲ್ಲ. ನಾವು ಕಲಿತದ್ದು ಒಂದೇ ಪಾಠ, ಅದರಲ್ಲೇ ಸಾಮೂಹಿಕವಾಗಿ ನಪಾಸು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಆಮೇಲೆ ಎಲ್ಲರೂ ಅಳುತ್ತಲೇ ನಕ್ಕೆವು. ದೊಡ್ಡವ್ವ ಮಾತ್ರ ಉರಿದುಬಿದ್ದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹಾರವನ್ನು ಮನೆಯೊಳಗೆ ತರಬೇಡಿ ಎಂದು ಹನುಮಪ್ಪನ ಗುಡಿಗೆ ಕಳಿಸಿದರು.

"ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಗಟ್ಟಿ ಆಗ್ತೈತಿ, ಬಿಡು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಯಾರು ಅಂದ್ರು?" ಎಂದರು ಸರ್.

"ನಾ ಅಂದೆ! ಸುಮ್ಮಕ ಕುಂದ್ರು!"

ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾವಿಗೆ ಬಂದವರಿಗೆಲ್ಲ ದೊಡ್ಡವ್ವ ಮಂಡಕ್ಕಿ ಒಗ್ಗರಣೆ ಮಾಡಿದರು. ಪ್ರವಾಸಿಗರೂ ಕೂತು ತಿಂದರು. ಪತ್ರಿಕೆಗೆ ತಿದ್ದುಪಡಿಯನ್ನು ಸರ್ ತಾವೇ ಬರೆದು ಕಳಿಸಿದರು: "ಸದರಿಯವರು ಬದುಕಿದ್ದಾರೆ. ಇದನ್ನು ಸ್ವತಃ ಅವರೇ ಖಾತ್ರಿಪಡಿಸಿದ್ದಾರೆ." ಪುಟ ಕಟ್ಟಿದ ಹುಡುಗನ ಮೇಲೆ ಏನೂ ಕ್ರಮ ಬೇಡ, ಅವನ ತಪ್ಪಲ್ಲ, ಅವನು ಕಲಿತ ಕನ್ನಡದ ತಪ್ಪು ಎಂದು ಫೋನಿನಲ್ಲೂ ಹೇಳಿದರು.

ಎಲ್ಲರೂ ಹೊರಟ ಮೇಲೆ ನಾನು ತಟ್ಟೆ ತೊಳೆಯಲು ಉಳಿದಿದ್ದೆ. ಸರ್ ಹಿತ್ತಲಿಗೆ ಬಂದು ಮೊಬೈಲ್ ತೋರಿಸಿದರು. ಬೆಂಗಳೂರಿನಿಂದ ಸಿದ್ಧಾರ್ಥ ಫೇಸ್‌ಬುಕ್ಕಿನಲ್ಲಿ ಬರೆದಿದ್ದ. ಉದ್ದನೆಯ, ಪ್ರೀತಿಯ ಬರಹ. ಅದರ ಕೊನೆಯ ಸಾಲು, ತುಂಬಲಾರದ ನಷ್ಟ.

"ಆ ಒಬ್ಬನೂ ಕೇಳಲಿಲ್ಲ ನೋಡವಾ" ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. "ಇಷ್ಟು ವರ್ಷ ಬಾಯಿ ಬಡ್ಕೊಂಡೆ. ಯಾರಿಗೂ ಹತ್ತಿಲ್ಲ."

ಒಳಗಿನಿಂದ ದೊಡ್ಡವ್ವ ಕೂಗಿದರು: "ಖಾತ್ರಿ ಮಾಡ್ಕೊಂಡು ಅಳಾಕ ಬರ್ತಾರೇನೋ ಯಾರರ? ಅಳು ಬಂತು, ಬಂದ್ರು!"

ಅದು ಸರಿಯೆಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಸರ್‌ಗೆ ಅದು ಸಮಾಧಾನ ಕೊಡಲಿಲ್ಲ. ಮುಂದೆ ಆ ಪ್ರಸಂಗ ನೆನೆದು ನಾವೆಲ್ಲ ನಗುವಾಗ ಅವರೂ ನಗುತ್ತಿದ್ದರು, ನಕ್ಕು ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಿದ್ದರು.

ಮರುವರ್ಷ ಕಾಲೇಜಿನಲ್ಲಿ ಪತ್ರಿಕೋದ್ಯಮಕ್ಕೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಕೋಣೆಗೆ ಮತ್ತೆ ವಾಲಿಬಾಲ್ ನೆಟ್ಟು ಬಂತು. ಸರ್ ದಿನಾ ಕಾಲುವೆ ದಂಡೆಯಲ್ಲಿ ಅಡ್ಡಾಡಿ, ಗೂಡಂಗಡಿಯಲ್ಲಿ ಪೇಪರುಗಳನ್ನು ಹಿಂದಿನ ಪುಟದಿಂದ ಓದಿ, ಮನೆಗೆ ಬರುತ್ತಿದ್ದರು. ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಾಗಲೆಲ್ಲ ಕಂಪ್ಲಿ ಸೇತುವೆ ಮುಳುಗಿತು ಎಂದು ಗ್ರೂಪುಗಳಲ್ಲಿ ಹಳೆಯ ವಿಡಿಯೋ ಹರಿದಾಡುತ್ತದೆ. ಆಗ ಶರಣ ಗಿರಣಿ ಬಿಟ್ಟು ಸೇತುವೆಗೇ ಹೋಗಿ ನಿಂತು, ನಾನು ಇಲ್ಲೇ ಇದ್ದೇನೆ, ನೀರು ಇಷ್ಟಿದೆ ಎಂದು ಎಲ್ಲರಿಗೂ ಹೇಳುತ್ತಾನೆ. ಇದನ್ನು ಸರ್‌ಗೆ ಹೇಳಿದೆ. "ಹೌದೇನು?" ಎಂದರು. ಮುಖ ಅರಳಿತು. ಆದರೂ, "ಅದು ಅವನ ಊರು, ಅವನ ಭತ್ತ. ಹೋಗ್ತಾನ" ಎಂದುಬಿಟ್ಟರು.

ಹೋದ ತಿಂಗಳು, ಬೆಳಿಗ್ಗೆ ಆಫೀಸಿಗೆ ಬಂದು ಕೂತಿದ್ದೆ. ಗ್ರೂಪಿನಲ್ಲಿ ಹನುಮಂತ ಒಂದೇ ಸಾಲು ಹಾಕಿದ್ದ: ಸರ್ ಹೋದರಂತೆ, ಓಣಿಯವರು ಹೇಳಿದರು, ನಾನು ಇನ್ನೂ ನೋಡಿಲ್ಲ, ಹೊರಟಿದ್ದೇನೆ. ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಕೈ ಮುಗಿದ ಚಿತ್ರವಿಲ್ಲ, ಓಂ ಶಾಂತಿ ಇಲ್ಲ. ನಾನು ಹೊರಗೆ ಬಂದು ಸರ್ ನಂಬರಿಗೇ ಫೋನ್ ಮಾಡಿದೆ. ಲೈನು ಬಿಜಿ. ಮತ್ತೆ ಮಾಡಿದೆ, ಬಿಜಿ. ಅವರೇ ಯಾರೊಡನೆಯೋ ಮಾತಾಡುತ್ತಿರಬೇಕು ಎಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ, ಬೇಡಿಕೊಂಡೆ ಎಂದೆನಲ್ಲ, ಅದು ಆಗಲೇ. ಕೊನೆಗೆ ರಿಂಗಾಯಿತು. ಎತ್ತಿದವರು ದೊಡ್ಡವ್ವ.

"ದೊಡ್ಡವ್ವಾ, ಖಾತ್ರಿ ಏನು?"

"ನೀನೂ ಅದನ್ನ ಕೇಳ್ತೀಯೇನವಾ" ಎಂದರು. ಅತ್ತೂ ಅತ್ತೂ ದನಿ ಬತ್ತಿಹೋಗಿತ್ತು. "ಬೆಳಗಿನಿಂದ ಫೋನು ಒಂದ ಸಮ ಬಡ್ಕೊಳ್ಳಾಕತ್ತೈತಿ. ಎಲ್ಲರೂ ಅದ ಮಾತು. ಖಾತ್ರಿ ಐತವಾ. ನಾನ ಚಹಾ ಒಯ್ದು ಎಬ್ಬಿಸಿದೆ, ಏಳಲಿಲ್ಲ. ಬಾ."

ನಾನು ಹೋಗುವಷ್ಟರಲ್ಲಿ ಓಣಿ ತುಂಬಿತ್ತು. ಸರ್ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದಿಟ್ಟ ಮುಖ ಯಾರದೋ ಬೇರೆಯವರದು ಅನ್ನಿಸಿತು. ಪಕ್ಕದಲ್ಲಿ ಅವರ ಮೊಬೈಲು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಬಂದ್ ಮಾಡಲು ಯಾರಿಗೂ ಮನಸ್ಸಿರಲಿಲ್ಲ.

"ನೀ ಎತ್ತವಾ, ನನ್ನ ಕೈಲಿ ಆಗವಲ್ದು" ಎಂದು ದೊಡ್ಡವ್ವ ಅದನ್ನು ನನ್ನ ಕೈಗಿಟ್ಟರು.

ಪರದೆಯ ಮೇಲೆ ಸಿದ್ಧಾರ್ಥನ ಹೆಸರು.

"ಸರ್?" ಎಂದ. ಆ ಒಂದು ಪದದಲ್ಲಿ ಎಷ್ಟು ಆಸೆಯಿತ್ತು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಾಗಲಾರದು.

"ಸರ್ ಅಲ್ಲೋ, ನಾನು" ಎಂದೆ.

ಅವನು ಕೇಳಿದ: "ಯಾರು ಅಂದ್ರಕ್ಕಾ?"

"ನಾನ ಅಂದೆ. ಇಲ್ಲೇ ಅವರ ಬಾಜೂಕ ಕುಂತೀನಿ, ಕಣ್ಣಾರೆ ನೋಡಾಕತ್ತೀನಿ. ಖಾತ್ರಿ."

ಅವನು ಅಳತೊಡಗಿದ್ದು ಆಗ. ನಾನು ಫೋನನ್ನು ಹಾಗೇ ಹಿಡಿದುಕೊಂಡು ಸರ್ ಕಡೆ ಬಗ್ಗಿ, "ಹತ್ತೈತ್ರಿ ಸರ್" ಎಂದೆ.